ತಾಲ್ಲೂಕು ಕಚೇರಿಯ ಕನ್ನಡದಿಂದ ಅರಬ್ಬಿಯ ಕಡೆಗೆ

ಅರಬ್ಬಿಯ ದಿನಬಳಕೆಯ ಮಾತುಗಳನ್ನು ಕಲಿಯಲು ಹೊರಟ ಕನ್ನಡಿಗನಿಗೆ ಎಲ್ಲಕ್ಕಿಂತ ಹತ್ತಿರದ ನೆರವು ಕಂದಾಯ ಇಲಾಖೆಯ ಕನ್ನಡದಿಂದಲೇ ದೊರೆಯುತ್ತದೆ ಎಂದರೆ ಹಲವರು ನಂಬಲಾರರು. ನನ್ನ ಮಟ್ಟಿಗೆ ಅದು ಹಾಗೆಯೇ ಆಯಿತು. ಸೌದಿ ಅರೇಬಿಯಾದ ದಮ್ಮಾಮಿಗೆ ಲೆಕ್ಕಪತ್ರ ಸಹಾಯಕನಾಗಿ ಹೋಗುವ ಮೊದಲು ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರ ಎದುರು ಪತ್ರ ಬರಹಗಾರರ ಬಳಿ ಕೆಲಸ ಮಾಡುತ್ತಿದ್ದೆ. ಅರ್ಜಿ, ತಕರಾರು, ಜಾಮೀನು, ಜಪ್ತಿ, ವಜಾ, ಬಾಕಿ, ವಸೂಲಿ, ದಾಖಲೆ, ನಕಲು, ಇನಾಮು ಎಂಬ ಪದಗಳು ಬೆಳಗಿನಿಂದ ಸಂಜೆಯವರೆಗೆ ಕೈಕೆಳಗೆ ಹರಿದು ಹೋಗುತ್ತಿದ್ದವು. ಇವೆಲ್ಲವೂ ಅರಬ್ಬಿ ಮೂಲದವು. 1347ರಲ್ಲಿ ಬಹಮನಿ ರಾಜ್ಯ ನೆಲೆಗೊಂಡಾಗಿನಿಂದ ಬಿಜಾಪುರದ ಆದಿಲ್‌ಶಾಹಿಗಳ ಕಾಲವನ್ನೂ ಹೈದರ್ ಮತ್ತು ಟಿಪ್ಪುವಿನ ಕಾಲವನ್ನೂ ದಾಟಿ, ಪಾರಸಿ ಆಡಳಿತ ಭಾಷೆಯಾಗಿದ್ದ ಕಚೇರಿಗಳ ಮೂಲಕ, ಕೆಲವೊಮ್ಮೆ ಮರಾಠಿಯನ್ನು ಹಾದು ಅವು ನಮ್ಮಲ್ಲಿಗೆ ಬಂದವು. ಹಾಗೆ ಬರುವಾಗ ಉಚ್ಚಾರವನ್ನೂ ಹಲವು ಕಡೆ ಅರ್ಥವನ್ನೂ ಬದಲಿಸಿಕೊಂಡವು. ಈ ಎರಡು ಬದಲಾವಣೆಗಳ ಲೆಕ್ಕ ಇಟ್ಟುಕೊಂಡರೆ ದಾರಿ ಸುಗಮವಾಗುತ್ತದೆ; ಇಡದಿದ್ದರೆ ಗೊತ್ತಿರುವ ಪದವೇ ದಾರಿ ತಪ್ಪಿಸುತ್ತದೆ.

ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ವ್ಯಂಜನಗಳು ಹಾಗೆಯೇ ಉಳಿದು, ಅವುಗಳ ನಡುವಿನ ಸ್ವರಗಳೂ ಹಿಂದೆ ಮುಂದೆ ಸೇರುವ ಅಕ್ಷರಗಳೂ ಬದಲಾದಂತೆ ಕರ್ತೃ, ಕರ್ಮ, ಸ್ಥಳ, ಕ್ರಿಯೆ ಎಂಬ ಅರ್ಥಗಳು ಬರುತ್ತವೆ. ಸಂಸ್ಕೃತದ ಧಾತುಪಾಠದ ಪರಿಚಯವಿರುವವರಿಗೆ ಇದು ತೀರ ಹೊಸದಾಗಿ ಕಾಣುವುದಿಲ್ಲ. ಹಾನ್ಸ್ ವೆಹ್ರ್ ಸಿದ್ಧಪಡಿಸಿದ, 1952ರಲ್ಲಿ ಜರ್ಮನ್ ಭಾಷೆಯಲ್ಲೂ 1961ರಲ್ಲಿ ಇಂಗ್ಲಿಷಿನಲ್ಲೂ ಬಂದ ಆಧುನಿಕ ಅರಬ್ಬಿಯ ನಿಘಂಟು ಧಾತುಗಳ ಕ್ರಮದಲ್ಲಿಯೇ ಇದೆ. ಆದ್ದರಿಂದ ಧಾತು ತಿಳಿಯದೆ ಅದರಲ್ಲಿ ಪದ ಹುಡುಕುವುದು ಕಷ್ಟ. ನನಗೆ ಅದು ಅನುಕೂಲವೇ ಆಯಿತು, ಏಕೆಂದರೆ ಒಂದು ಪದಕ್ಕಾಗಿ ಪುಟ ತೆರೆದರೆ ಅದರ ಇಡೀ ಕುಟುಂಬ ಕಣ್ಣಮುಂದೆ ಬರುತ್ತಿತ್ತು.

‘ಕ-ವ-ಮ’ ಧಾತುವನ್ನೇ ನೋಡಿ. ನಿಲ್ಲುವುದು, ಏಳುವುದು ಅದರ ಮೂಲಾರ್ಥ. ಸೌದಿಯಲ್ಲಿ ನೆಲೆಸಿರುವ ಪ್ರತಿಯೊಬ್ಬ ವಿದೇಶಿಯೂ ಜೇಬಿನಲ್ಲಿ ಇಟ್ಟುಕೊಳ್ಳುವ ವಾಸದ ಪರವಾನಗಿಗೆ ‘ಇಕಾಮಾ’ ಎನ್ನುತ್ತಾರೆ, ಅಂದರೆ ನೆಲೆ ನಿಲ್ಲುವಿಕೆ. ನಿಂತದ್ದು ‘ಕಾಇಮ್’, ಅದೇ ನಮ್ಮ ಕಾಯಂ. ನಿಲ್ಲುವ ಸ್ಥಳ ‘ಮುಕಾಮ್’, ಅದೇ ನಮ್ಮ ಮುಕ್ಕಾಂ. ಒಂದು ವಸ್ತು ಎಷ್ಟಕ್ಕೆ ನಿಲ್ಲುತ್ತದೆ ಎಂಬುದು ‘ಕೀಮ’, ಅದೇ ನಮ್ಮ ಕಿಮ್ಮತ್ತು. ಹೋಟೆಲಿನ ತಿಂಡಿಪಟ್ಟಿಗೂ ಗೋದಾಮಿನ ಸರಕುಪಟ್ಟಿಗೂ ಬಳಸುವ ‘ಕಾಇಮಾ’, ಗೋಡೆಯ ಮೇಲಿನ ಪಂಚಾಂಗಕ್ಕೆ ಹೇಳುವ ‘ತಕ್ವೀಮ್’ ಕೂಡ ಇದೇ ಕುಟುಂಬದವು. 2018ರಲ್ಲಿ ಸೌದಿಯಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಪ್ರತಿ ಬಿಲ್ಲಿನಲ್ಲಿಯೂ ‘ಅಲ್-ಕೀಮ ಅಲ್-ಮುದಾಫ’ ಎಂದು ಮುದ್ರಿಸಬೇಕಾಯಿತು. ಕಿಮ್ಮತ್ತು ಗೊತ್ತಿದ್ದವನು ಆ ಸಾಲಿನ ಅರ್ಧವನ್ನು ಆಗಲೇ ಓದಿದಂತೆ.

ಉಚ್ಚಾರದ ವಿಷಯದಲ್ಲಿ ನನಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದ ಸೂತ್ರ ‘ಜ’ಕಾರದ್ದು. ಅರಬ್ಬಿಯಲ್ಲಿ ಜೀಮ್, ಜಾಯ್, ಧಾಲ್, ದಾದ್, ಧಾ ಎಂಬ ಐದು ಅಕ್ಷರಗಳಿಗೆ ಐದು ಬೇರೆ ಬೇರೆ ಧ್ವನಿಗಳಿವೆ. ಪಾರಸಿಯವರು ಕೊನೆಯ ನಾಲ್ಕನ್ನೂ ಒಂದೇ ರೀತಿ ಉಚ್ಚರಿಸಿದರು. ನಾವು ಐದನ್ನೂ ‘ಜ’ ಮಾಡಿಕೊಂಡೆವು. ಹೀಗಾಗಿ ಕನ್ನಡದ ಒಂದು ‘ಜ’ದ ಹಿಂದೆ ಯಾವ ಅಕ್ಷರ ಅಡಗಿದೆ ಎಂಬುದನ್ನು ಪತ್ತೆ ಮಾಡಬೇಕಾಗುತ್ತದೆ. ಜಮಾ, ಜವಾಬು ಇವುಗಳಲ್ಲಿ ಜೀಮ್ ಇದೆ, ಜುಲುಮೆಯಲ್ಲಿ ಧಾ ಇದೆ, ಅಜಾನ್‌ನಲ್ಲಿ ಧಾಲ್ ಇದೆ. ಆದರೆ ಕಚೇರಿಯ ಪದವಾದರೆ ಮೊದಲು ದಾದ್ ಅಕ್ಷರವನ್ನು ಪರೀಕ್ಷಿಸುವುದು ಒಳ್ಳೆಯದು: ಅರ್ಜಿ, ಜಾಮೀನು, ಜಿಲ್ಲೆ, ಜರೂರು, ಜಪ್ತಿ, ವಜಾ, ಹಾಜರು ಎಲ್ಲದರಲ್ಲಿಯೂ ಇರುವುದು ಅದೇ. ನಮ್ಮ ಗೋದಾಮಿನ ಮೇಲ್ವಿಚಾರಕರಾಗಿದ್ದ ಸುಡಾನಿನ ಹಿರಿಯರು ಮ್ಯಾನೇಜರರ ದೂರವಾಣಿ ಕರೆಗೆ ‘ಹಾದಿರ್, ಹಾದಿರ್’ ಎಂದು ಉತ್ತರಿಸುತ್ತಿದ್ದರು. ಕೋರ್ಟಿನಲ್ಲಿ ಕೂಗುವ ‘ಹಾಜರ್ ಹೈ’ ಎಂಬುದರ ಮೂಲರೂಪ ಇದೇ. ಆದರೆ ಅಲ್ಲಿ ಅದಕ್ಕೆ ‘ಆಗಲಿ, ಈಗಲೇ ಮಾಡುತ್ತೇನೆ’ ಎಂಬ ಅರ್ಥ. ಇನ್ನೊಂದು ಸಣ್ಣ ಸುಳಿವೂ ಇದೆ. ಗಂಟಲಿನ ಆಳದಿಂದ ಬರುವ ಐನ್ ಎಂಬ ಅಕ್ಷರ ನಮ್ಮಲ್ಲಿ ಮಾಯವಾಗಿದ್ದು, ಪದದ ಕೊನೆಯಲ್ಲಿದ್ದಾಗ ಮಾತ್ರ ದೀರ್ಘಸ್ವರವನ್ನು ಗುರುತಾಗಿ ಬಿಟ್ಟು ಹೋಗಿದೆ. ವಜಾ, ಜಮಾ ಎಂಬ ಪದಗಳ ಕೊನೆಯ ‘ಆ’ ಹೀಗೆ ಉಳಿದದ್ದು.

ಜಿಲ್ಲೆಯ ಮೂಲವಾದ ‘ದಿಲ್ಅ್’ ಎಂದರೆ ಪಕ್ಕೆಲುಬು. ಅದರಿಂದ ಬದಿ, ಪಾರ್ಶ್ವ ಎಂಬ ಅರ್ಥ ಬಂದು, ಭಾರತದಲ್ಲಿ ನಾಡಿನ ಒಂದು ಭಾಗಕ್ಕೆ ಹೆಸರಾಯಿತು. ಅರಬರಿಗೆ ಇಂದಿಗೂ ಅದು ಪಕ್ಕೆಲುಬೇ. ತಾಲ್ಲೂಕು ಮತ್ತು ಇಲಾಖೆ ಎರಡೂ ‘ಐನ್-ಲ-ಕ’ ಎಂಬ, ತೂಗುಬೀಳು, ಅಂಟಿಕೊಳ್ಳು ಎಂಬರ್ಥದ ಧಾತುವಿನಿಂದ ಬಂದವು. ಇಲಾಖೆಯ ಮೂಲರೂಪ ‘ಅಲಾಕಾ’ ಅರಬ್ಬಿಯಲ್ಲಿ ಸಂಬಂಧ ಎಂಬರ್ಥ ಕೊಡುತ್ತದೆ. ಬಟ್ಟೆ ತೂಗುಹಾಕುವ ಹ್ಯಾಂಗರಿಗೂ ಇದೇ ಧಾತುವಿನ ಪದವೇ ಇದೆ. ಮಳೆ ಅಥವಾ ಧೂಳಿನ ಬಿರುಗಾಳಿಯ ದಿನ ಶಾಲೆಗಳಿಗೆ ರಜೆ ಸಾರುವಾಗ ‘ತಅ್ಲೀಕ್ ಅದ್-ದಿರಾಸಾ’ ಎನ್ನುತ್ತಾರೆ, ಪಾಠಗಳನ್ನು ತೂಗುಹಾಕಿದ್ದಾರೆ ಎಂದಂತೆ.

ಅರ್ಥ ಬದಲಾಗುವ ಬಗೆಗೆ, ಕಲಿತ ಪದಗಳನ್ನು ಬರೆದಿಡುತ್ತಿದ್ದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತ್ಯೇಕ ಕಲಮು ಇತ್ತು. ಎಡಗಡೆ ಅರಬ್ಬಿ ಲಿಪಿಯಲ್ಲಿ ಪದ, ಅದರ ಪಕ್ಕ ಧಾತು, ನಿಘಂಟಿನ ಅರ್ಥ, ಆ ಪದವನ್ನು ಯಾರು ಯಾವ ಸಂದರ್ಭದಲ್ಲಿ ಆಡಿದರು ಎಂಬ ಟಿಪ್ಪಣಿ, ಕೊನೆಗೆ ಕನ್ನಡದ ನೆಂಟ. ಅರಬರೊಬ್ಬರ ಬಾಯಿಂದ ಕೇಳದ ಅಥವಾ ಫಲಕದ ಮೇಲೆ ಕಾಣದ ಪದವನ್ನು ಪುಸ್ತಕಕ್ಕೆ ಸೇರಿಸಬಾರದು ಎಂಬ ಕಟ್ಟುಪಾಡನ್ನು ನಾನೇ ಹಾಕಿಕೊಂಡಿದ್ದೆ. ಹೀಗೆ ಮಾಡಿದ್ದರಿಂದ ಪಟ್ಟಿ ನಿಧಾನವಾಗಿ ಬೆಳೆಯಿತು. ಆದರೆ ನಿಘಂಟಿನಲ್ಲಿ ಮಾತ್ರ ಬದುಕಿರುವ ಪದಗಳು ಒಳಗೆ ನುಸುಳಲಿಲ್ಲ.

ಆ ಕಲಮಿನಲ್ಲಿ ಅತ್ಯಂತ ಸಮೃದ್ಧವಾಗಿ ತುಂಬಿದ್ದು ‘ಹ-ವ-ಲ’ ಧಾತು. ತಿರುಗುವುದು, ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಹೋಗುವುದು ಅದರ ಅರ್ಥ. ‘ಕೈಫ್ ಹಾಲಕ್’ ಎಂದು ಕುಶಲ ಕೇಳುವಾಗ ಬರುವ ‘ಹಾಲ್’ ಸ್ಥಿತಿಯನ್ನು ಹೇಳುತ್ತದೆ, ಮತ್ತು ‘ಹಾಲಿ ಶಾಸಕರು’ ಎಂದು ನಾವು ಬರೆಯುವಾಗ ಇರುವುದೂ ಅದೇ ಪದ. ಹಾಲ್ ಎಂಬುದರ ಬಹುವಚನ ‘ಅಹ್ವಾಲ್’. ಸೌದಿಯಲ್ಲಿ ಜನನ, ಮರಣ, ವಿವಾಹಗಳನ್ನು ನೋಂದಾಯಿಸುವ ಸರಕಾರಿ ಕಚೇರಿಗೆ ‘ಅಲ್-ಅಹ್ವಾಲ್ ಅಲ್-ಮದನಿಯ್ಯಾ’ ಎಂಬ ಹೆಸರಿದೆ, ಅಂದರೆ ನಾಗರಿಕರ ಸ್ಥಿತಿಗತಿಗಳು. ನಮ್ಮ ಜನಸ್ಪಂದನ ಸಭೆಗಳಲ್ಲಿ ಸಲ್ಲಿಸುವ ಅಹವಾಲು ಇದೇ ಪದ. ನಮ್ಮಲ್ಲಿ ಸ್ಥಿತಿಗತಿ ಹೇಳಿಕೊಳ್ಳುವುದೆಂದರೆ ಕಷ್ಟ ಹೇಳಿಕೊಳ್ಳುವುದೇ ಆಗಿದ್ದರಿಂದ ಅದರ ಅರ್ಥ ಆ ಕಡೆ ವಾಲಿತೆಂದು ನನ್ನ ಊಹೆ. ‘ಹವಾಲಾ’ದ ಕತೆ ಇನ್ನೂ ಸ್ವಾರಸ್ಯಕರ. ಕನ್ನಡ ಪತ್ರಿಕೆಗಳಲ್ಲಿ ಆ ಪದ ಕಂಡರೆ ದಾಳಿ, ಬಂಧನಗಳ ಸುದ್ದಿಯೇ ಇರುತ್ತದೆ. ದಮ್ಮಾಮಿನಲ್ಲಿ ಬ್ಯಾಂಕಿನ ಕಿಟಕಿಯ ಮೇಲೆಯೇ ಅದನ್ನು ಬರೆದಿರುತ್ತಾರೆ, ಏಕೆಂದರೆ ಹಣ ವರ್ಗಾವಣೆಗೆ ಅಲ್ಲಿ ಬೇರೆ ಸಾಧಾರಣ ಪದವೇ ಬೇಕಾಗಿಲ್ಲ. ರಸ್ತೆ ಕಾಮಗಾರಿ ನಡೆಯುವಲ್ಲಿ ಹಳದಿ ಫಲಕದ ಮೇಲೆ ‘ತಹ್ವೀಲಾ’ ಎಂದಿದ್ದರೆ ಬಳಸುದಾರಿ ಹಿಡಿಯಿರಿ ಎಂದರ್ಥ.

ಹಣಕಾಸಿನ ಪದಗಳಲ್ಲಿ ದಾಖಲೆ ಮತ್ತು ಖರ್ಚು ಎಂಬ ಜೋಡಿಯನ್ನು ಕಟ್ಟಡಗಳ ಬಾಗಿಲ ಮೇಲೆಯೇ ಓದಬಹುದು. ಒಳಹೋಗುವ ಬಾಗಿಲಿಗೆ ‘ದುಖೂಲ್’, ಹೊರಬರುವ ಬಾಗಿಲಿಗೆ ‘ಖುರೂಜ್’. ಒಳಗೆ ಬಂದ ಹಣ ‘ದಖ್ಲ್’, ಅಂದರೆ ಆದಾಯ. ಹೊರಗೆ ಹೋದದ್ದು ಖರ್ಚು. ನೌಕರಿ ಬಿಟ್ಟು ಶಾಶ್ವತವಾಗಿ ಊರಿಗೆ ಮರಳುವವನ ಪಾಸ್‌ಪೋರ್ಟಿಗೆ ಬೇಕಾದ ಅನುಮತಿಗೆ ‘ಖುರೂಜ್ ನಿಹಾಈ’ ಎನ್ನುತ್ತಾರೆ. ರಿಯಾದಿನ ವರ್ತುಲ ರಸ್ತೆಯಲ್ಲಿ ಜನರು ತಮ್ಮ ಬಡಾವಣೆಯನ್ನು ‘ಮಖ್ರಜ್’, ಅಂದರೆ ಹೊರದಾರಿಯ, ಸಂಖ್ಯೆಯಿಂದಲೇ ಗುರುತು ಹೇಳುತ್ತಾರೆ. ಆದರೆ ಕಾಗದಪತ್ರ ಎಂಬ ಅರ್ಥದಲ್ಲಿ ‘ದಾಖಲೆ’ ಎಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ‘ವಸೀಕಾ’ ಅಥವಾ ‘ಮುಸ್ತನದ್’ ಎನ್ನಬೇಕು. ವಿಮಾನ ನಿಲ್ದಾಣದ ಆಗಮನದ ಕಡೆ ‘ಅಲ್-ವುಸೂಲ್’ ಎಂಬ ಫಲಕವಿರುತ್ತದೆ. ವಸೂಲಿ ಎಂದರೆ ಹಣ ಬಂದು ತಲುಪುವುದು ತಾನೇ. ಬಾಕಿ ವಸೂಲಿಗೆ ಮಾತ್ರ ಅರಬರು ‘ತಹ್ಸೀಲ್’ ಎನ್ನುತ್ತಾರೆ, ವಸೂಲಿಗಾರ ‘ಮುಹಸ್ಸಿಲ್’. ನಮ್ಮ ತಹಶೀಲ್ದಾರರ ಹುದ್ದೆಯ ಹೆಸರು ತನ್ನ ಮೂಲಾರ್ಥವನ್ನು ಹೀಗೆ ಚೆನ್ನಾಗಿ ಕಾಪಾಡಿಕೊಂಡಿದೆ. ಅಂಗಡಿಯಲ್ಲಿ ‘ಬಾಕೀ’ ಎಂದರೆ ಸಾಲವಲ್ಲ, ನಿಮಗೆ ಹಿಂದಿರುಗಿಸಬೇಕಾದ ಚಿಲ್ಲರೆ. ಸೂಪರ್ ಮಾರ್ಕೆಟ್ಟಿನ ಕೆಂಪು ಫಲಕದ ಮೇಲಿನ ‘ಅರ್ದ್ ಖಾಸ್ಸ್’ ಎಂದರೆ ವಿಶೇಷ ರಿಯಾಯಿತಿ. ಮುಂದಿಡುವುದು, ಪ್ರದರ್ಶಿಸುವುದು ಎಂಬರ್ಥದ ಅದೇ ‘ಅರ್ದ್’ ನಮ್ಮಲ್ಲಿ ಅಧಿಕಾರಿಯ ಮುಂದಿಡುವ ಅರ್ಜಿಯಾಗಿದೆ.

ಇನ್ನು ಕೆಲವು ಪದಗಳು ಹೊರನೋಟಕ್ಕೆ ಮಾತ್ರ ಪರಿಚಿತ. ‘ಗರೀಬ್’ ಬಡವನಲ್ಲ, ಅಪರಿಚಿತ ಅಥವಾ ವಿಚಿತ್ರ. ‘ತಕ್ರಾರ್’ ಎಂದರೆ ಪುನರಾವರ್ತನೆ ಮಾತ್ರ. ಹೇಳಿದ್ದನ್ನೇ ಹೇಳುವುದು ಜಗಳವಾಗುವುದು ನಮ್ಮ ಕಡೆಯ ಬೆಳವಣಿಗೆ. ‘ನಕ್ಲ್’ ಎಂದರೆ ಸಾಗಣೆ, ವರ್ಗಾವಣೆ. ಪ್ರತಿ ತೆಗೆಯುವ ಅರ್ಥವೂ ಇದೆ, ಆದರೆ ಅಂಗಡಿಯವನನ್ನು ‘ಇದು ನಕಲಿಯೇ’ ಎಂದು ಕೇಳಬೇಕಾದರೆ ‘ತಕ್ಲೀದ್’ ಎನ್ನಬೇಕು. ಅಸಲಿಗೆ ಮಾತ್ರ ‘ಅಸ್ಲೀ’ ಸಾಕು. ಪುರುಸೊತ್ತಿನ ಮೂಲವಾದ ‘ಫುರ್ಸಾ’ ಅಲ್ಲಿ ಅವಕಾಶ. ಮೊದಲ ಬಾರಿ ಭೇಟಿಯಾದವರು ‘ಫುರ್ಸಾ ಸಈದಾ’ ಎಂದು ಸಂತೋಷ ಸೂಚಿಸುತ್ತಾರೆ. ಮಜಬೂತು ಮತ್ತು ಜಪ್ತಿ ಎರಡೂ ಹಿಡಿತದಲ್ಲಿಡು ಎಂಬರ್ಥದ ಒಂದೇ ಧಾತುವಿನವು. ನಮ್ಮ ಈಜಿಪ್ಟಿನ ಲೆಕ್ಕಾಧಿಕಾರಿ ಲೆಕ್ಕ ತಾಳೆಯಾದಾಗಲೂ ‘ಮಜ್ಬೂತ್’ ಎನ್ನುತ್ತಿದ್ದರು, ಕಾಫಿಗೆ ಸಕ್ಕರೆ ಹದವಾಗಿರಲಿ ಎಂದು ಹೇಳುವಾಗಲೂ ‘ಮಜ್ಬೂತ್’ ಎನ್ನುತ್ತಿದ್ದರು. ಸರಿಯಾದ, ಕರಾರುವಾಕ್ಕಾದ ಎಂಬುದು ಅದರ ಅರ್ಥ, ಗಟ್ಟಿ ಎಂಬುದಲ್ಲ. ಗಟ್ಟಿ ಕಾಫಿಯ ಆಸೆಯಿಂದ ಕೈರೋದಲ್ಲಿ ಈ ಪದ ಬಳಸಿದವರಿಗೆ ನಿರಾಶೆ ಖಂಡಿತ.

ಉಪಚಾರದ ಮಾತುಗಳನ್ನು ಕಲಿಯುವ ಕ್ರಮ ಬೇರೆ. ಅವುಗಳಲ್ಲಿ ಮೂಲಾರ್ಥಕ್ಕಿಂತ ಪ್ರತ್ಯುತ್ತರ ಮುಖ್ಯ. ‘ಅಹ್ಲನ್ ವ ಸಹ್ಲನ್’ ಎಂಬುದನ್ನು ಹಳೆಯ ನಿಘಂಟುಕಾರರು ‘ನೀನು ನಿನ್ನ ಬಂಧುಗಳ ಬಳಿಗೆ ಬಂದಿದ್ದೀಯೆ, ಸಮತಟ್ಟಾದ ನೆಲದ ಮೇಲೆ ಕಾಲಿಟ್ಟಿದ್ದೀಯೆ’ ಎಂದು ಬಿಡಿಸುತ್ತಾರೆ. ‘ಮರ್ಹಬಾ’ದಲ್ಲಿ ಇರುವುದು ವಿಶಾಲತೆ ಎಂಬರ್ಥದ ಧಾತು, ನಿನಗೆ ಇಲ್ಲಿ ಜಾಗವಿದೆ ಎಂಬ ಭಾವ. ‘ಸಬಾಹ್ ಅಲ್-ಖೈರ್’, ಅಂದರೆ ಒಳಿತಿನ ಬೆಳಗು, ಎಂದವರಿಗೆ ಅದನ್ನೇ ಮರಳಿಸುವ ಬದಲು ‘ಸಬಾಹ್ ಅನ್-ನೂರ್’, ಬೆಳಕಿನ ಬೆಳಗು, ಎನ್ನುವುದು ರೂಢಿ. ಕೊಲ್ಲಿಯ ಕಡೆಯವರು ಕುಶಲ ಕೇಳುವ ‘ಶ್ಲೋನಕ್’ ಎಂಬುದನ್ನು ಬಿಡಿಸಿದರೆ ‘ನಿನ್ನ ಬಣ್ಣ ಏನು’ ಎಂದಾಗುತ್ತದೆ. ‘ಲೌನ್’ ಎಂದರೆ ಬಣ್ಣ. ಮುಂದಿರುವ ‘ಶ್’ ಎಂಬುದು ‘ಏಶ್’, ಏನು ಎಂಬುದರ ಉಳಿಕೆ. ‘ಏಶ್’ ಸ್ವತಃ ‘ಐ ಶೈ’, ಯಾವ ವಸ್ತು, ಎಂಬುದರ ಸಂಕ್ಷಿಪ್ತ ರೂಪ. ‘ಇನ್ ಶಾಅಲ್ಲಾಹ್’ ಎಂಬಲ್ಲಿನ ‘ಶಾಅ’, ಇಚ್ಛಿಸಿದರೆ, ಎಂಬುದೂ ಅದೇ ಧಾತುವಿನದು. ಇದರ ನೆಂಟನಾದ ‘ಲೌ ಶಾ ಅಲ್ಲಾಹ್’ ಎಂಬ ಮಾತು ಸ್ಪೇನಿನಲ್ಲಿ ‘ಓಹಲಾ’, ಹಾಗಾಗಲಿ ಎಂಬ ಹಾರೈಕೆ, ಆಗಿ ಉಳಿದುಕೊಂಡಿದೆ.

ಕ್ಷೌರದಂಗಡಿಯಲ್ಲಿ ಕೇಳುವ ಮಾತೊಂದು ನನಗೆ ಬಹಳ ಪ್ರಿಯವಾದದ್ದು. ಕೂದಲು ಕತ್ತರಿಸಿ, ಕುತ್ತಿಗೆಯ ಬಟ್ಟೆಯನ್ನು ಬಿಚ್ಚಿ ಕೊಡವಿದ ಕೂಡಲೇ ಸಿರಿಯಾದ ಕ್ಷೌರಿಕ ‘ನಈಮನ್’ ಎನ್ನುತ್ತಾನೆ. ‘ಅಲ್ಲಾಹ್ ಯಿನ್ಇಮ್ ಅಲೈಕ್’ ಎಂದು ನೀವು ಮರಳಿ ಹೇಳಬೇಕು. ಸ್ನಾನ ಮುಗಿಸಿ ಬಂದವರಿಗೂ ಮನೆಯವರು ಹೀಗೆಯೇ ಹೇಳುತ್ತಾರೆ. ಸುಖ, ಕೃಪೆ ಎಂಬರ್ಥದ ಈ ‘ನ-ಐನ್-ಮ’ ಧಾತುವಿನಿಂದ ಹೌದು ಎನ್ನುವ ‘ನಅಮ್’ ಬಂದಿದೆ, ರೊಟ್ಟಿಯ ತುಂಡು ನೆಲಕ್ಕೆ ಬಿದ್ದರೆ ಗೌರವದಿಂದ ಎತ್ತಿಡುವಾಗ ಹೇಳುವ ‘ನಿಅ್ಮಾ’ ಬಂದಿದೆ, ಕೃಪೆಯಿಂದ ಕೊಟ್ಟದ್ದು ಎಂಬರ್ಥದ ‘ಇನ್ಆಮ್’ ಬಂದಿದೆ. ಇನಾಂ ಜಮೀನುಗಳ ಕಡತಗಳನ್ನು ತಿರುವಿ ಹಾಕಿದ್ದ ನನಗೆ ಆ ನಂಟು ನಿಘಂಟಿನಲ್ಲಿ ಕಂಡಾಗ ಆದ ಸಂತೋಷ ಸಣ್ಣದಲ್ಲ. ಹಾಗೆಯೇ ದುಡಿಯುತ್ತಿರುವವರನ್ನು ಕಂಡಾಗ ‘ಯಅ್ತೀಕ್ ಅಲ್-ಆಫಿಯಾ’, ದೇವರು ಆರೋಗ್ಯ ಕೊಡಲಿ, ಎನ್ನುವ ಸೊಗಸಾದ ರೂಢಿಯಿದೆ. ಕಚೇರಿಗೆ ಚಹಾ ತರುವ ಹುಡುಗನಿಗೂ ಹಿರಿಯ ಎಂಜಿನಿಯರರು ಇದನ್ನು ತಪ್ಪದೆ ಹೇಳುತ್ತಿದ್ದರು. ಧನ್ಯವಾದಕ್ಕೆ ಉತ್ತರವಾಗಿ ಬರುವ ‘ಅಫ್ವನ್’, ನಮ್ಮ ಕಂದಾಯ ಮಾಫಿಯ ‘ಮಾಫಿ’ ಇವೂ ಅದೇ ಧಾತುವಿನವು. ಆದರೆ ಕೊಲ್ಲಿಯಲ್ಲಿ ಹೆಜ್ಜೆಹೆಜ್ಜೆಗೆ ಕೇಳಿಬರುವ ‘ಮಾ ಫೀ’ಗೆ ಇದರೊಡನೆ ಯಾವ ಸಂಬಂಧವೂ ಇಲ್ಲ, ಅದು ‘ಇಲ್ಲ’ ಎಂಬ ಎರಡು ಬಿಡಿ ಪದಗಳ ಮಾತು.

ಹೊಸ ವಸ್ತುಗಳಿಗೆ ಅರಬರು ಹೆಸರಿಟ್ಟ ಬಗೆಯನ್ನು ಹುಡುಕಿದರೆ ಮರುಭೂಮಿಯ ಹಳೆಯ ಬದುಕು ಸಿಗುತ್ತದೆ. ಕಾರಿಗೆ ‘ಸಯ್ಯಾರಾ’ ಎನ್ನುತ್ತಾರೆ. ಬಾವಿಯಲ್ಲಿದ್ದ ಪ್ರವಾದಿ ಯೂಸುಫರನ್ನು ಕಂಡ ಪ್ರಯಾಣಿಕರ ತಂಡಕ್ಕೆ ಕುರಾನಿನಲ್ಲಿ ಬಳಕೆಯಾಗಿರುವ ಪದ ಇದೇ. ರೈಲಿಗೆ ಹೇಳುವ ‘ಕಿತಾರ್’ ಒಂದರ ಹಿಂದೊಂದು ಕಟ್ಟಿದ ಒಂಟೆಗಳ ಸಾಲು; ದೂರವಾಣಿಗೆ ಹೇಳುವ ‘ಹಾತಿಫ್’ ಆಳು ಕಾಣದೆ ಕೇಳಿಸುವ ಕೂಗು; ಪತ್ರಿಕೆಗೆ ಹೇಳುವ ‘ಜರೀದಾ’ ಎಲೆ ಸುಲಿದ ಖರ್ಜೂರದ ಗರಿ. ಇಂಥ ಪದಗಳನ್ನು ನಿಷ್ಕರ್ಷಿಸಲು ಡಮಾಸ್ಕಸ್ಸಿನಲ್ಲಿ 1919ರಲ್ಲಿ, ಕೈರೋದಲ್ಲಿ 1932ರಲ್ಲಿ ಭಾಷಾ ಪರಿಷತ್ತುಗಳು ಹುಟ್ಟಿಕೊಂಡವು. ಪರಿಷತ್ತುಗಳು ಏನೇ ಹೇಳಿದರೂ ಬೀದಿಯಲ್ಲಿ ಮೊಬೈಲಿಗೆ ‘ಜವ್ವಾಲ್’, ಅಂದರೆ ಅಲೆಮಾರಿ, ಎಂದೇ ಸೌದಿಯವರು ಕರೆಯುತ್ತಾರೆ.

ಮೂಲ ಹುಡುಕುವವನು ಎಲ್ಲವನ್ನೂ ಅರಬ್ಬಿ ಧಾತುವಿಗೆ ಎಳೆಯಲು ಹೋಗಬಾರದು. ಪದದಲ್ಲಿ ನಾಲ್ಕೈದು ವ್ಯಂಜನಗಳಿದ್ದು ಅದಕ್ಕೆ ಕುಟುಂಬವೇ ಇಲ್ಲದಿದ್ದರೆ ಅದು ಹೊರಗಿನಿಂದ ಬಂದದ್ದೆಂದು ನಾನು ಮೊದಲು ಶಂಕಿಸುತ್ತೇನೆ. ಕಿತ್ತಳೆಗೆ ಹೇಳುವ ‘ಬುರ್ತುಕಾಲ್’ ಪೋರ್ತುಗಲ್ ದೇಶದ ಹೆಸರು. ಶುಂಠಿಗೆ ಹೇಳುವ ‘ಜಂಜಬೀಲ್’ ಭಾರತದಿಂದ ಪಾರಸಿಯ ಮೂಲಕ ಹೋದ ಶೃಂಗವೇರದ ರೂಪ. ‘ಸುಕ್ಕರ್’ ಕೂಡ ಹಾಗೆಯೇ, ನಮ್ಮ ಸಕ್ಕರೆಯ ಒಡಹುಟ್ಟು. ದಿನಾರ್ ರೋಮಿನದು, ದಿರ್ಹಮ್ ಗ್ರೀಕರದು, ರಿಯಾಲ್ ಸ್ಪೇನಿನದು. ಕಾನೂನು ಗ್ರೀಕಿನಿಂದ ಅರಬ್ಬಿಗೂ ಅಲ್ಲಿಂದ ನಮಗೂ ಬಂತು. ಈಜಿಪ್ಟಿನವರು ಎದುರಿನವರನ್ನು ಗೌರವದಿಂದ ‘ಯಾ ಉಸ್ತಾಜ್’ ಎಂದು ಕರೆಯುವಾಗ ಬಳಸುವುದು ಪಾರಸಿ ಪದ; ನಮ್ಮ ಗರಡಿಮನೆಯ ವಸ್ತಾದರೂ ಅದೇ. ‘ಕಹ್ವಾ’ ಮಾತ್ರ ಒಳಗಿನದೇ ಎನ್ನುವವರು ಹೆಚ್ಚು. ಮೊದಲು ಮದ್ಯಕ್ಕಿದ್ದ ಈ ಹೆಸರು ಯೆಮನ್ನಿನ ಸೂಫಿಗಳ ಕಾಲಕ್ಕೆ ಕಾಫಿಗೆ ಸಂದಿತು; ಕೊಲ್ಲಿಯ ಬಾಯಲ್ಲಿ ಅದು ‘ಗಹ್ವ’. ಯೆಮನ್ನಿನ ಮೋಖಾದಿಂದ ಬಾಬಾ ಬುಡನ್ ಬೀಜ ತಂದರೆಂಬ ಐತಿಹ್ಯ ಚಿಕ್ಕಮಗಳೂರಿನವರಿಗೆ ಹೇಳಬೇಕಾದದ್ದಲ್ಲ.

ಪದಗಳ ಓಡಾಟ ಒಂದೇ ದಿಕ್ಕಿನದಲ್ಲ ಎಂಬುದಕ್ಕೆ ಕೊಲ್ಲಿಯ ಆಡುಮಾತೇ ಸಾಕ್ಷಿ. ಟ್ಯಾಕ್ಸಿಯವನಿಗೆ ನೆಟ್ಟಗೆ ಹೋಗು ಎನ್ನಲು ಅಲ್ಲಿನ ಅರಬರೇ ‘ಸೀದಾ’ ಎನ್ನುತ್ತಾರೆ; ಪಾದರಕ್ಷೆ ‘ಜೂತೀ’, ಫ್ಯಾನು ‘ಬಂಕಾ’, ಹಾಲು ಹಾಕಿ ಚೆನ್ನಾಗಿ ಕುದಿಸಿದ ಚಹಾ ‘ಕರಕ್’, 1 ಒಮಾನಿ ರಿಯಾಲಿಗೆ 1000 ‘ಬೈಸಾ’. ಭಾರತೀಯ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಪ್ರತ್ಯೇಕ ರೂಪಾಯಿ ನೋಟುಗಳನ್ನು ಹೊರಡಿಸಿತ್ತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮ ದಿನಾರುಗಳನ್ನು ತಂದುಕೊಂಡವು. ಆದರೂ ಬಹರೈನಿನ ಸಂತೆಯಲ್ಲಿ 100 ಫಿಲ್ಸ್, ಅಂದರೆ ದಿನಾರಿನ ಹತ್ತನೆಯ ಒಂದು ಭಾಗ, ಬೆಲೆಯ ವಸ್ತುವಿಗೆ ವ್ಯಾಪಾರಿ ಕೇಳುವುದು ಒಂದು ‘ರುಬಿಯ್ಯಾ’.